ಒಂದೇ ಒಂದು ತುತ್ತು

ಕಳೆದ ಕಾರ್ತಿಕ ಮಾಸದಲ್ಲಿ ನನ್ನ ಅಕ್ಕ ಎರಡನೆಯ ಹೆರಿಗೆಗೆಂದು ತವರಿಗೆ ಬಂದಳು. ಜೊತೆಯಲ್ಲಿ ಅವಳ ಹಿರಿಯ ಮಗ, ನಾಲ್ಕು ವರ್ಷದ ಪುಟ್ಟನೂ ಬಂದ. ತೊಟ್ಟಿಲಿಗೆ ಹೊಸ ಕೂಸು ಬಂದ ಮೇಲೆ ಪುಟ್ಟನಿಗೆ ಉಣ್ಣಿಸುವ ಹೊಣೆ ಸೋದರಮಾವನಾದ ನನ್ನ ತಲೆಗೆ ಬಿತ್ತು. ನಾನೋ ಬಿ.ಎ. ಕೊನೆಯ ವರ್ಷದವನು, ಚರ್ಚಾಸ್ಪರ್ಧೆಯಲ್ಲಿ ಎರಡು ಬಾರಿ ಬಹುಮಾನ ಪಡೆದವನು. ಒಂದು ಮಗುವನ್ನು ಒಪ್ಪಿಸಲಾರೆನೆ ಎಂದುಕೊಂಡೆ. ಮಕ್ಕಳಿಗೆ ಉಣ್ಣಿಸಿ ಬಲ್ಲವರು ಇಲ್ಲಿಗೇ ನಕ್ಕುಬಿಟ್ಟಿರಬೇಕು.

ಪುಟ್ಟನ ಆಹಾರಶಾಸ್ತ್ರ ಬಹು ಸರಳ: ಬಿಳಿಯದೆಲ್ಲ ಗ್ರಾಹ್ಯ, ಉಳಿದದ್ದೆಲ್ಲ ತ್ಯಾಜ್ಯ. ಹಾಲು, ಇಡ್ಲಿ, ಮೊಸರನ್ನ. ಮೊಸರನ್ನದಲ್ಲಿ ಒಂದು ಸಾಸಿವೆ ಕಾಳು ಕಂಡರೂ ಬಾಯಿಗೆ ಬೀಗ. ಈ ನಿಯಮಕ್ಕೆ ಬಿಸ್ಕತ್ತು ಮಾತ್ರ ಅಪವಾದ. ನಮ್ಮ ಕಾಲದ ಗುಮ್ಮನಿಗೆ ಅವನು ಹೆದರುತ್ತಿರಲಿಲ್ಲ. ಚಂದಮಾಮನನ್ನು ತೋರಿಸಿದರೆ ಮೊಬೈಲು ಕೇಳುತ್ತಿದ್ದ. ಮೊಬೈಲು ಕೊಟ್ಟರೆ ಬಾಯಿ ತೆರೆಯುತ್ತಿದ್ದ, ಅಗಿಯುವುದನ್ನು ಮರೆಯುತ್ತಿದ್ದ.

ಒಂದು ಸಂಜೆ ಹುರುಳಿಕಾಯಿ ಪಲ್ಯವನ್ನು ನುಣ್ಣಗೆ ನುರಿದು ಮೊಸರನ್ನದೊಳಗೆ ಬಚ್ಚಿಟ್ಟೆ. ಮೊದಲನೆಯ ತುತ್ತಿಗೇ ಸಿಕ್ಕಿಬಿದ್ದೆ. ಮರುದಿನ ನನಗೆ ಪರೀಕ್ಷೆ, ತಾಳ್ಮೆ ತಪ್ಪಿತು. ಅವನ ಮೂಗು ಹಿಡಿದು, ಬಾಯಿ ತೆರೆದೊಡನೆ ತುತ್ತನ್ನು ತುರುಕಿದೆ. ಉಂಡದ್ದೆಲ್ಲ ನೆಲಕ್ಕೆ ಬಂತು. ಅವನು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕುಳಿತ. ಆಮೇಲೆ ನಾಲ್ಕು ದಿನ, ತಲೆ ಬಾಚಲು ನಾನು ಕೈಯೆತ್ತಿದರೂ ತುಟಿ ಬಿಗಿದುಕೊಳ್ಳುತ್ತಿದ್ದ.

ಒಳಗೆ ಅಕ್ಕ ಕಣ್ಣೊರೆಸಿಕೊಂಡಳು. "ನನ್ನ ಕೈಯಡಿಗೆಯೇ ಸರಿಯಿಲ್ಲವಂತೆ. ಅತ್ತೆಯವರು ಹಾಗೇ ಅಂತಾರೆ ಕಣೋ," ಎಂದಳು.

ಅವನನ್ನು ವೈದ್ಯರಲ್ಲಿಗೆ ಕರೆದೊಯ್ದೆ. ಅವರು ತೂಕ ನೋಡಿದರು, ಎತ್ತರ ಅಳೆದರು, ಹಳೆಯ ಚೀಟಿಗಳೊಡನೆ ಹೋಲಿಸಿದರು. ಮೊದಲ ವರ್ಷದಲ್ಲಿ ಹುಟ್ಟಿದಾಗಿನ ಮೂರರಷ್ಟು ತೂಗುವ ಮಗು, ಎರಡು ವರ್ಷ ಕಳೆದ ಮೇಲೆ ವರ್ಷಕ್ಕೆ ಸುಮಾರು 2 ಕಿಲೋ ಮಾತ್ರ ಏರುತ್ತದೆಯಂತೆ. ಅದಕ್ಕೆ ತಕ್ಕಂತೆ ಹಸಿವೂ ಇಳಿಯುತ್ತದೆಯಂತೆ. ಪುಟ್ಟ ಬೆಳೆಯುತ್ತಲೇ ಇದ್ದ. "ಹಾಲೆಷ್ಟು ಕುಡೀತಾನೆ?" ಎಂದು ಕೇಳಿದರು. ನಾಲ್ಕು ದೊಡ್ಡ ಲೋಟ ಎಂದೆ. "ಮತ್ತೆ ಅನ್ನಕ್ಕೆ ಜಾಗವೆಲ್ಲಿ? ಅರ್ಧ ಲೀಟರು ಸಾಕು. ಹಾಲೇ ಹೆಚ್ಚಾದರೆ ಮೈಗೆ ಕಬ್ಬಿಣದ ಅಂಶ ಸಾಲದೆ ಹೋಗುತ್ತೆ," ಎಂದರು.

ಮನಶ್ಶಾಸ್ತ್ರ ಓದುವ ಗೆಳೆಯನೊಬ್ಬ ಇನ್ನೊಂದು ಕಥೆ ಹೇಳಿದ. ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಎಂಬಾಕೆ, ಆಗತಾನೆ ಎದೆಹಾಲು ಬಿಟ್ಟ 15 ಕೂಸುಗಳ ಮುಂದೆ ಬಗೆಬಗೆಯ ಆಹಾರಗಳನ್ನಿರಿಸಿದಳು. ದಾದಿಯರು ಚಮಚ ಹಿಡಿದು ಸುಮ್ಮನೆ ಕುಳಿತಿರಬೇಕು. ಕೂಸು ತೋರಿದ್ದನ್ನು ಮಾತ್ರ ಉಣ್ಣಿಸಬೇಕು. ಒತ್ತಾಯವಿಲ್ಲ, ಹೊಗಳಿಕೆಯೂ ಇಲ್ಲ. ಕೂಸುಗಳು ವಿಚಿತ್ರವಾಗಿ ಆರಿಸಿ ತಿಂದವು, ಆದರೆ ಚೆನ್ನಾಗಿ ಬೆಳೆದವು. 1939ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆಕೆಯೇ ಗುಟ್ಟನ್ನು ಬಿಟ್ಟುಕೊಟ್ಟಿದ್ದಾಳೆ: ಜಾಣತನವಿದ್ದದ್ದು ಆಹಾರದ ಪಟ್ಟಿಯಲ್ಲಿ. ಸಕ್ಕರೆಯ ತಿನಿಸು ಅದರಲ್ಲಿ ಇರಲೇ ಇಲ್ಲ. ನನಗೆ ಕೂಡಲೆ ನಮ್ಮ ಬಿಸ್ಕತ್ತಿನ ಡಬ್ಬ ನೆನಪಾಯಿತು. ಏನನ್ನು, ಎಷ್ಟು ಹೊತ್ತಿಗೆ ಬಡಿಸಬೇಕೆಂಬುದು ನಮ್ಮ ಕೆಲಸ. ಎಷ್ಟು ಉಣ್ಣಬೇಕೆಂಬುದು ಪುಟ್ಟನ ಕೆಲಸ. ನಾನು ಅವನ ಕೆಲಸಕ್ಕೆ ಕೈ ಹಾಕಿದ್ದೆ.

ಇದನ್ನು ಅಮ್ಮನಿಗೆ ತಿಳಿಸುವುದು ಚರ್ಚಾಸ್ಪರ್ಧೆಗಿಂತ ಕಷ್ಟವಾಯಿತು. "ಮಗು ಹಸಿದು ಮಲಗಬೇಕೇನೋ? ಈ ಮನೆಯಲ್ಲಿ ಅದಾಗಕೂಡದು," ಎಂದು ಗದರಿದಳು. ಮೊಸರನ್ನ ಹೇಗೂ ತಟ್ಟೆಯಲ್ಲಿರುತ್ತದೆ, ಅದರ ಪಕ್ಕದಲ್ಲಿ ಬೇರೆಯದೂ ಇರಲಿ ಎಂಬ ಒಪ್ಪಂದವಾಯಿತು. ಡಬ್ಬ ಅಟ್ಟ ಸೇರಿತು. ಎಲ್ಲರೂ ಒಟ್ಟಿಗೆ ಕುಳಿತೆವು. ಪುಟ್ಟನ ತಟ್ಟೆಯನ್ನು ಯಾರೂ ನೋಡುವಂತಿಲ್ಲ. ಅಮ್ಮ ಓರೆಗಣ್ಣಿನಿಂದ ನೋಡುತ್ತಿದ್ದಳು. ಸುಳ್ಳೇಕೆ, ನಾನೂ ನೋಡುತ್ತಿದ್ದೆ.

ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂತು. ನೆನೆಸಿದ ಕಾಳನ್ನು ಎಲ್ಲರೂ ಸುತ್ತ ಕುಳಿತು ಹಿತಕುತ್ತಿದ್ದೆವು. ಬೆರಳಿನಲ್ಲಿ ಒತ್ತಿದರೆ ಸಿಪ್ಪೆ ಇಲ್ಲೇ, ಬೇಳೆ ಹಾರಿ ಗೋಡೆಗೆ. ಪುಟ್ಟ ದೂರದಿಂದ ನೋಡಿದ. ಮರುದಿನ ಹತ್ತಿರ ಬಂದ. ಮೂರನೆಯ ದಿನ ಒಂದು ಬೇಳೆಯನ್ನು ನೇರವಾಗಿ ನನ್ನ ಕನ್ನಡಕಕ್ಕೆ ಹಾರಿಸಿ ಗಹಗಹಿಸಿ ನಕ್ಕ. ಮೂಗು ಹಿಡಿದ ದಿನದಿಂದ ಅವನು ನನ್ನೆದುರು ನಕ್ಕದ್ದು ಅದೇ ಮೊದಲು.

ಅಮ್ಮ ಒಂದು ಹಿಡಿ ಬೇಳೆಯನ್ನು ಬರೀ ಉಪ್ಪು ಹಾಕಿ ಬೇಯಿಸಿ ತಟ್ಟೆಯ ಅಂಚಿಗಿಟ್ಟಳು. ಅವನು ಮೂಸಿ ನೋಡಿದ, ಬಿಟ್ಟ. ಇನ್ನೊಂದು ದಿನ ನೆಕ್ಕಿದ, ಬಿಟ್ಟ. ಮತ್ತೊಂದು ದಿನ ಅಗಿದು ಉಗಿದ. ಎಷ್ಟನೆಯ ದಿನವೋ ಲೆಕ್ಕ ತಪ್ಪಿದೆ, ಐದು ಬೇಳೆ ತಿಂದು "ಇನ್ನೂ ಇದ್ಯಾ?" ಎಂದ. ಅಮ್ಮ ಒಲೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹುರುಳಿಕಾಯಿಯನ್ನು ಮಾತ್ರ ಅವನು ಇಂದಿಗೂ ಮುಟ್ಟುವುದಿಲ್ಲ.

ಮೊನ್ನೆ ಅಕ್ಕ ತನ್ನ ಮನೆಯಿಂದ ಫೋನು ಮಾಡಿದ್ದಳು. "ಅವರೆಕಾಯಿ ಕಾಲ ಮುಗೀತಲ್ಲೋ, ಈಗೇನು ಮಾಡಲಿ?" ಎಂದಳು. "ತಟ್ಟೆಗೆ ಬಡಿಸಿ ಸುಮ್ಮನಿರಕ್ಕ," ಎಂದೆ. "ಅದೊಂದೇ ನನ್ನ ಕೈಲಾಗದ್ದು," ಎಂದಳು. ಹಿಂದಿನಿಂದ ತಟ್ಟೆಯ ಸದ್ದು ಕೇಳಿಸಿತು. ತಳ್ಳಿದನೋ, ಹತ್ತಿರ ಎಳೆದುಕೊಂಡನೋ ತಿಳಿಯಲಿಲ್ಲ.