ದಡದಿಂದ ಕಂಡ ಆಳ, ಆಳದಿಂದ ಕಂಡ ದಡ

ನಾನು ಹನ್ನೆರಡು ವರ್ಷದವನಿದ್ದಾಗ ಕೊಟ್ಟೂರಿನ ಹೊರವಲಯದ ತೋಟದ ಬಾವಿಗೆ ತಮ್ಮನನ್ನು ಈಜು ಕಲಿಸಲೆಂದು ಕರೆದೊಯ್ದಿದ್ದೆ. ತಿಳಿನೀರಿನಲ್ಲಿ ತಳದ ಕಲ್ಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. “ಕಾಲಿಗೆ ನೆಲ ಸಿಗುತ್ತದೆ, ಧುಮುಕು” ಎಂದೆ. ನೆಲ ಸಿಗಲಿಲ್ಲ. ತೋಟದ ಆಳು ನೀರಿಗಿಳಿದು ಅವನನ್ನು ಎತ್ತಿ ತಂದ. ಉಸಿರು ಮರಳಿದ ಮೇಲೆ ತಮ್ಮ ಅಂದದ್ದು ಇಷ್ಟೇ: “ಕೆಳಗಿನಿಂದ ನೀನು ಬಲು ಎತ್ತರದಲ್ಲಿ ಕಂಡೆ, ಅಣ್ಣಾ.”

ಬಿ.ಕಾಂ. ಓದಿದ ನನಗೆ ಇದರ ಕಾರಣ ಮನದಟ್ಟಾದದ್ದು ಮೊಮ್ಮಗನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ. ಬೆಳಕು ನೀರಿನಿಂದ ಗಾಳಿಗೆ, ಗಾಳಿಯಿಂದ ನೀರಿಗೆ ಓರೆಯಾಗಿ ಸಾಗುವಾಗ ಬಾಗುತ್ತದೆ, ಇದೇ ವಕ್ರೀಭವನ. ನೀರಿನ ವಕ್ರೀಭವನಾಂಕ ಸುಮಾರು 1.33. ಆದುದರಿಂದ ನೇರ ಮೇಲಿನಿಂದ ನೋಡುವವನಿಗೆ 8 ಅಡಿ ನೀರು 6 ಅಡಿಯಂತೆ ತೋರುತ್ತದೆ. ನೀರೊಳಗಿನಿಂದ ನೋಡುವವನಿಗೆ ನೀರಿನ ಮಟ್ಟದಿಂದ 6 ಅಡಿ ಮೇಲಿರುವ ಮುಖ 8 ಅಡಿ ಮೇಲಿರುವಂತೆ ತೋರುತ್ತದೆ.

ಹಗರಿಬೊಮ್ಮನಹಳ್ಳಿ ಸಮೀಪದ ಅಂಕಸಮುದ್ರ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಮೀನಿಗೆ ಇಡೀ ಆಕಾಶ, ದಡದ ಮರಗಳ ಸಹಿತ, ತಲೆಯ ಮೇಲಿನ ಸುಮಾರು 97 ಡಿಗ್ರಿಯ ಒಂದು ವೃತ್ತದೊಳಗೇ ಅಡಗಿರುತ್ತದೆ. ದೂರದ ಮರಗಳು ಮೇಲಕ್ಕೆದ್ದು ಆ ವೃತ್ತದ ಅಂಚಿನಲ್ಲಿ ಕುಗ್ಗಿ ನಿಲ್ಲುತ್ತವೆ. ವೃತ್ತದಾಚೆ ನೀರಿನ ಮೇಲ್ಮೈ ಕನ್ನಡಿಯಾಗಿ ಕೆರೆಯೊಳಗನ್ನೇ ತೋರಿಸುತ್ತದೆ.

ಇದನ್ನು ಓದಿದಾಗ ನನಗೆ 2003ರ ಬರಗಾಲ ನೆನಪಾಯಿತು. ಕೂಡ್ಲಿಗಿ ಕಡೆಯ ಶೇಂಗಾ ಬೆಳೆಗಾರರೊಬ್ಬರು ಬಾಕಿಗೆ ಗಡುವು ಕೇಳಲು ನಮ್ಮ ಅಂಗಡಿಗೆ ಬಂದಿದ್ದರು. ಗಾದಿಯ ಮೇಲೆ ಕುಳಿತ ನನಗೆ ಅವರ ಕಷ್ಟ ಕಾಲೂರಿ ನಿಲ್ಲುವಷ್ಟೇ ಆಳವೆಂದು ತೋರಿತು; ಒಪ್ಪಲಿಲ್ಲ. ಅವರು ಎರಡನೆಯ ಮಾತು ಆಡಲಿಲ್ಲ. ನಾನು ಅವರಿಗೆ ಎಷ್ಟು ಎತ್ತರದಲ್ಲಿ ಕಂಡಿದ್ದೆನೋ! ಜೋಡಿ ಎತ್ತು ಮಾರಿ ಹಣ ತಂದುಕೊಟ್ಟರು. ಖಾತೆ ಚುಕ್ತಾ ಆಯಿತು. ಮನಸ್ಸಿನ ಬಾಕಿ ಉಳಿಯಿತು.

ದಡದವನ ಕಣ್ಣೂ ಸುಳ್ಳು ಹೇಳುವುದಿಲ್ಲ, ನೀರೊಳಗಿನವನ ಕಣ್ಣೂ ಹೇಳುವುದಿಲ್ಲ. ತನ್ನ ನೋಟವೇ ಪೂರ್ಣವೆಂದು ಬಗೆಯುವುದರಲ್ಲಿ ದೋಷವಿದೆ. ಅನೇಕಾಂತವನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದ ನಾನು ಅದನ್ನು ಗಾದಿಯ ಮೇಲೆ ಮರೆತಿದ್ದೆ. ಈಗ ಯಾರಾದರೂ ಗಡುವು ಕೇಳಿದರೆ, ಕಂಡ ಆಳಕ್ಕೆ ಅದರ ಮೂರನೆಯ ಒಂದು ಪಾಲು ಸೇರಿಸಿಕೊಂಡು ಉತ್ತರಿಸುತ್ತೇನೆ. ನೆರವು ಕೋರುವ ಅರ್ಜಿಗಳನ್ನು ಪರಿಶೀಲಿಸುವ ನಮ್ಮ ವಿಶ್ವಸ್ಥ ಮಂಡಳಿಗಳಿಗೂ ಈ ಲೆಕ್ಕ ಸಲ್ಲುತ್ತದೆಂದು ಭಾವಿಸುತ್ತೇನೆ.