ಚಿಕ್ಕಬಾಣಾವರಕ್ಕೆ ಬಂದಿಳಿದ ಹಲಗೆಗಳು

ಯಶವಂತಪುರ ಬಿಟ್ಟ ರೈಲು ತುಮಕೂರಿನ ದಿಕ್ಕಿಗೆ ಹೊರಳಿ, ಕೂತವರು ಸರಿಯಾಗಿ ಕಾಲು ಚಾಚುವ ಮೊದಲೇ ಚಿಕ್ಕಬಾಣಾವರ ಬಂದುಬಿಡುತ್ತದೆ. ಹಾಸನದ ಹಳಿ ಇಲ್ಲಿಂದಲೇ ಕವಲೊಡೆಯುವುದರಿಂದ ಇದು ಜಂಕ್ಷನ್ನು. 2022ರಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗ ಬಂದು ಕೊನೆಗೊಳ್ಳಬೇಕಾದ್ದೂ ಇಲ್ಲಿಯೇ. ಹೀಗಾಗಿ ನಿಲ್ದಾಣದ ಹೊರಗೆ ಚಹಾ ಕುಡಿಯಲು ನಿಂತರೂ ಕಿವಿಗೆ ಬೀಳುವುದು ಸೈಟಿನ ಮಾತೇ. ಒಂದು ಕಾಲಕ್ಕೆ ಇದೇ ಜನ ಮಳೆ, ರಾಗಿ, ಅವರೆಕಾಯಿಯ ಮಾತಾಡುತ್ತಿದ್ದರು ಎಂದು ನಮ್ಮ ಅಕ್ಕ ಹೇಳಿದರೆ ಅವಳ ಮಗಳಿಗೇ ನಂಬಿಕೆ ಬರುವುದಿಲ್ಲ.

ಅಕ್ಕನ ಮನೆ ಕೆರೆಯ ಆಚೆ ಬದಿಗೆ. ಮೊದಲು ಎರಡು ಎಕರೆಗೆ ಮೇಲಿದ್ದ ಹೊಲ ಪಾಲಾಗಿ, ಮಾರಾಟವಾಗಿ, ರಸ್ತೆಗೆ ಹೋಗಿ, ಈಗ ಉಳಿದಿರುವುದು 18 ಗುಂಟೆ. ಮೂರು ಕಡೆ ಮಹಡಿ ಮನೆಗಳು ಎದ್ದಿವೆ. ನಡುವೆ ಒಂದು ಹಲಸಿನ ಮರ, ನಾಲ್ಕು ತೆಂಗು, ಸೊಪ್ಪಿನ ಪಾತಿ, ಎಂಟು ಮೇಕೆ, ಒಂದಷ್ಟು ನಾಟಿ ಕೋಳಿ. ಬೇಲಿಯ ಬಾಗಿಲಿನಿಂದ ಹಿಡಿದು ಹುಲ್ಲಿನ ಮೆದೆಯ ಬುಡದವರೆಗೆ ಎಲ್ಲಿ ನೋಡಿದರೂ ಪಟ್ಟಿ ಪಟ್ಟಿಯಾದ ಬಿಳಿ ಹಲಗೆ. ಮೊದಲ ಸಲ ಬಂದವರು, ‘ಏನು, ಪೆಟ್ಟಿಗೆ ಮಾಡೋ ಕೆಲಸ ಶುರು ಮಾಡಿದ್ರಾ?’ ಎಂದು ಕೇಳುವುದುಂಟು.

ಇದಕ್ಕೆ ಕಾರಣ ನಮ್ಮ ಭಾವ. ಪೀಣ್ಯದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ 31 ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯ ದಿನ ಹಾರ, ಶಾಲು, ಗಡಿಯಾರ ಎಲ್ಲರಿಗೂ ಸಿಗುತ್ತದೆ. ಭಾವ ಅದರ ಜೊತೆಗೆ ಹಣ ಕಟ್ಟಿ ಹನ್ನೆರಡು ಪ್ಯಾಲೆಟ್ಟು ಕೊಂಡು ತಂದರು. ಅಕ್ಕ ಆ ದಿನ ಮಾತಾಡಲಿಲ್ಲವಂತೆ.

ಪ್ಯಾಲೆಟ್ಟು ಎಂದರೆ ಏನೆಂದು ತಿಳಿಯದ ಮಕ್ಕಳಿಗೆ ಹೇಳಬೇಕಾದರೆ: ಸರಕು ಇಡುವ ಮರದ ಮಣೆ. ಮೇಲೊಂದು ಸಾಲು ಹಲಗೆ, ಕೆಳಗೊಂದು ಸಾಲು, ನಡುವೆ ದಪ್ಪ ತುಂಡುಗಳು. ಆ ನಡುವಿನ ಪೊಳ್ಳಿನಲ್ಲೇ ಅದರ ಜೀವ. ಫೋರ್ಕ್‌ಲಿಫ್ಟ್ ಎಂಬ ಗಾಡಿ ತನ್ನ ಎರಡು ಕಬ್ಬಿಣದ ನಾಲಿಗೆಗಳನ್ನು ಅಲ್ಲಿ ತೂರಿಸಿ, ಹತ್ತು ಹಮಾಲರು ಹೊರುವ ಭಾರವನ್ನು ಒಂದೇ ಸಲಕ್ಕೆ ಎತ್ತಿಬಿಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಸಾಮಾನು ಸಾಗಿಸಲು ಹೇರಳವಾಗಿ ಬಳಕೆಗೆ ಬಂದ ಈ ಮಣೆ ಆಮೇಲೆ ಲೋಕದ ವ್ಯಾಪಾರವನ್ನೆಲ್ಲ ತನ್ನ ಬೆನ್ನ ಮೇಲೆ ಹೊತ್ತಿತು. 1200 ಮಿಲಿಮೀಟರ್ ಉದ್ದ, 1000 ಮಿಲಿಮೀಟರ್ ಅಗಲ ಸಾಮಾನ್ಯ ಅಳತೆ. ಯುರೋಪಿನದು 1200ಕ್ಕೆ 800. ಯುರೋಪಿನ ಪ್ಯಾಲೆಟ್ಟು ಒಂದೊಂದೂ ಸುಮಾರು 25 ಕಿಲೋ ತೂಗುತ್ತದೆ.

ಪೀಣ್ಯದ ಕೈಗಾರಿಕಾ ವಸಾಹತು 1970ರ ದಶಕದ ಕೊನೆಗೆ ಹುಟ್ಟಿದ್ದು. ಲೇತು, ಗೇರು, ಅಚ್ಚು, ಪಂಪು, ಸಿದ್ಧ ಉಡುಪು ಎಂದು ಸಾವಿರಾರು ಸಣ್ಣ ಕಾರ್ಖಾನೆಗಳು ಅಲ್ಲಿವೆ. ಹೊರದೇಶದ ಯಂತ್ರ ಚೆನ್ನೈ ಬಂದರಿನಲ್ಲಿ ಇಳಿದು, ಕಂಟೇನರಿನಲ್ಲಿ ವೈಟ್‌ಫೀಲ್ಡಿನ ಒಳನಾಡು ಡಿಪೋ ಸೇರಿ, ಅಲ್ಲಿಂದ ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಯಂತ್ರ ಒಳಗೆ ಹೋಗುತ್ತದೆ. ಮಣೆ ಹಿತ್ತಲಿಗೆ ಬೀಳುತ್ತದೆ. ಅದನ್ನು ಜರ್ಮನಿಗೋ ತೈವಾನಿಗೋ ವಾಪಸು ಕಳಿಸಿದರೆ ಮಣೆಗಿಂತ ಬಾಡಿಗೆಯೇ ಹೆಚ್ಚು. ಹೀಗಾಗಿ ಗುಜರಿಯವರ ಪಾಲು. ಗುಜರಿಯಲ್ಲಿ ಗಟ್ಟಿಯಾದದ್ದನ್ನು ರಿಪೇರಿ ಮಾಡಿ ಮತ್ತೆ ಕಾರ್ಖಾನೆಗೇ ಮಾರುತ್ತಾರೆ, ಅಗಲ ಹಲಗೆಗಳನ್ನು ಬಿಚ್ಚಿ ಬಡಗಿಗಳಿಗೆ ಕೊಡುತ್ತಾರೆ, ಉಳಿದದ್ದು ಒಲೆಗೆ. ನಾನು ಭಾವನೊಡನೆ ಹೋದಾಗ ಅಂಗಡಿಯವರು, ‘ಬಿಚ್ಚಿದ್ದು ಬೇಕಾ, ಇಡೀದು ಬೇಕಾ ಸಾರ್?’ ಎಂದು ಕೇಳಿದರು. ಇಡಿಯಾದದ್ದು ಒಂದಕ್ಕೆ 120 ರೂಪಾಯಿ. ಅದೇ ಅಳತೆಯ ಹೊಸ ಹಲಗೆ ತೆಗೆದುಕೊಂಡಿದ್ದರೆ ಆ ದುಡ್ಡಿಗೆ ಒಂದು ಮೂಲೆಯೂ ಬರುತ್ತಿರಲಿಲ್ಲ.

ಭಾವ ಕೊಳ್ಳುವ ರೀತಿಯನ್ನು ನೋಡಬೇಕು. ಮದುವೆಗೆ ಹೆಣ್ಣು ನೋಡಲು ಹೋದವರೂ ಅಷ್ಟು ವಿಚಾರಿಸುವುದಿಲ್ಲ. ಮೊದಲು ಮೂಸುತ್ತಾರೆ. ಪೈನ್ ಆದರೆ ರಾಳದ ವಾಸನೆ, ಹಲಗೆಯ ಮೇಲೆ ಕಂದು ಗಂಟು. ವಾಸನೆಯಿಲ್ಲದ, ಬಣ್ಣ ಸ್ವಲ್ಪ ಕೆಂಪಾದದ್ದು ನಮ್ಮ ಕಡೆಯ ಸಿಲ್ವರ್ ಓಕ್ ಇರಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಮರ; ಮೂಲ ಮಾತ್ರ ಆಸ್ಟ್ರೇಲಿಯಾ. ಮೂಸಿದ ಮೇಲೆ ಎಣ್ಣೆಯ ಕಲೆ, ಬಣ್ಣ, ಏನಾದರೂ ಸೋರಿದ ಗುರುತು ಇದೆಯೇ ಎಂದು ಮಗುಚಿ ನೋಡುತ್ತಾರೆ. ಸ್ವಲ್ಪ ಅನುಮಾನ ಬಂದರೂ ಬೇಡ. ಪೀಣ್ಯದಲ್ಲಿ ಲೋಹಕ್ಕೆ ಕ್ರೋಮ್ ಲೇಪಿಸುವ ಘಟಕಗಳಿವೆ. ಆ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ಸರ್ಕಾರಿ ಪರೀಕ್ಷೆಗಳಲ್ಲೇ ಕಂಡುಬಂದ ವಿಷಯ. ಅಂಥ ದ್ರಾವಣದ ಪೀಪಾಯಿ ಹೊತ್ತ ಮಣೆಯ ಮೇಲೆ ಕೊತ್ತಂಬರಿ ಬೆಳೆದರೆ ಯಾರು ತಿನ್ನಬೇಕು?

ಕಡೆಗೆ ಮುದ್ರೆ. ಇದನ್ನು ಓದುವ ಕೆಲಸ ಅಕ್ಕನ ಮಗಳದು. ಎರಡನೆಯ ಪಿಯುಸಿ ವಿಜ್ಞಾನ. ಹೊರದೇಶದಿಂದ ಬಂದ ಪ್ರತಿಯೊಂದು ಪ್ಯಾಲೆಟ್ಟಿನ ಪಕ್ಕೆಯಲ್ಲೂ ಗೋಧಿ ತೆನೆಯ ಚಿತ್ರ, ದೇಶದ ಎರಡಕ್ಷರ, ತಯಾರಕರ ಸಂಖ್ಯೆ, ಮತ್ತೆರಡು ಅಕ್ಷರ ಸುಟ್ಟು ಒತ್ತಿರುತ್ತವೆ. ಕೊನೆಯ ಅಕ್ಷರಗಳು ‘ಎಚ್.ಟಿ.’ ಆದರೆ ಶಾಖ ಕೊಟ್ಟದ್ದು: ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಕಾವು ಮುಟ್ಟಿ, 30 ನಿಮಿಷ ಹಾಗೆಯೇ ನಿಂತಿರಬೇಕು. ‘ಎಂ.ಬಿ.’ ಆದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದು. ಓಜೋನ್ ಪದರವನ್ನು ಕೆಡಿಸುವ ವಸ್ತುಗಳ ಮೇಲಿನ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ 1992ರಲ್ಲಿ ಸೇರಿದ ಅನಿಲ ಇದು. ಕೀಟ ತಡೆಯುವ ಇಂಥ ಕೆಲಸಕ್ಕೆ ಮಾತ್ರ ವಿನಾಯಿತಿ ಉಳಿಯಿತು. ‘ಎಂ.ಬಿ. ಇದ್ರೆ ಬಿಟ್ಬಿಡಿ ಮಾವ, ಎಚ್.ಟಿ. ಸಿಗೋವಾಗ ಅದ್ಯಾಕೆ?’ ಎನ್ನುತ್ತಾಳೆ ಹುಡುಗಿ. ಸರಿಯಾದ ಮಾತು.

ಈ ಮುದ್ರೆಯ ಹಿಂದೆ ಒಂದು ಕಥೆಯಿದೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಸ್ತೆ ಬದಿಯ ಮೇಪಲ್ ಮರಗಳು ತೂತುಬಿದ್ದು ಸಾಯತೊಡಗಿದವು. ನೋಡಿದರೆ ಉದ್ದ ಮೀಸೆಯ, ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆಯ ಒಂದು ದುಂಬಿ. ಅದರ ತವರು ಚೀನಾ, ಕೊರಿಯಾ. ಸರಕಿನ ಅಡಿಯ ಹಸಿ ಮರದಲ್ಲಿ ಹುಳುವಾಗಿ ಕೂತು, ಟಿಕೆಟ್ಟಿಲ್ಲದೆ ಸಮುದ್ರ ದಾಟಿತ್ತು. ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ಇಂಥ ಪ್ರಸಂಗಗಳು ಹೆಚ್ಚಿದ ಮೇಲೆ, 2002ರಲ್ಲಿ ದೇಶದೇಶಗಳು ಕೂಡಿ ಸರಕಿನ ಮರಕ್ಕೆಲ್ಲ ಒಂದೇ ನಿಯಮ ಮಾಡಿದವು. ಮನೆಯ ಬೇಲಿ ಬಾಗಿಲಲ್ಲಿ ಗೋಧಿ ತೆನೆ ಒತ್ತಿಸಿಕೊಂಡು ನಿಂತ ಹಲಗೆಗೆ ಇಷ್ಟೆಲ್ಲ ಪೂರ್ವಾಶ್ರಮವಿದೆ.

ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಕಾವು ಕೊಟ್ಟಾಗ ಒಳಗಿದ್ದ ಹುಳು ಸಾಯುತ್ತದೆಯೇ ಹೊರತು ಮುಂದೆ ಬರುವ ಗೆದ್ದಲಿಗೆ ತಡೆಯೇನೂ ಇಲ್ಲ. ಎಚ್.ಟಿ. ಎಂದು ಬರೆದದ್ದನ್ನು ಚಿಕ್ಕಬಾಣಾವರದ ಗೆದ್ದಲು ಓದುವುದಿಲ್ಲ. ಭಾವ ತಂದ ಮೊದಲ ಹನ್ನೆರಡರಲ್ಲಿ ಮೂರನ್ನು ನೆಲದಲ್ಲಿ ಹೂತು ಬೇಲಿ ಮಾಡಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಕೈಯಿಟ್ಟರೆ ಬುಡ ಹಪ್ಪಳದ ಹಾಗೆ ಮುರಿಯಿತು. ಈಗ ಯಾವ ಮರವೂ ಮಣ್ಣು ಮುಟ್ಟುವುದಿಲ್ಲ. ಹಳೆಯ ಕಲ್ಲುಕಂಬಕ್ಕೆ ತಂತಿಯಿಂದ ಬಿಗಿದಿದ್ದಾರೆ, ಅಡಿಗೆ ಸೈಜುಗಲ್ಲು ಕೊಟ್ಟಿದ್ದಾರೆ.

ಹಿತ್ತಲಲ್ಲಿ ನನಗೆ ಬಹಳ ಹಿಡಿಸಿದ್ದು ಗೊಬ್ಬರದ ಗೂಡು. ನಾಲ್ಕು ಪ್ಯಾಲೆಟ್ಟುಗಳನ್ನು ಚೌಕವಾಗಿ ನಿಲ್ಲಿಸಿ ಮೂಲೆಗಳನ್ನು ತಂತಿಯಲ್ಲಿ ಕಟ್ಟಿದರೆ ಆಯಿತು, ಮೊಳೆಯೇ ಬೇಡ. ಒಳಗೆ ಸುಮಾರು ಒಂದು ಘನ ಮೀಟರು ಜಾಗ. ಹಲಗೆ ಸಂದುಗಳಿಂದ ಗಾಳಿ ಆಡುತ್ತದೆ. ಹಲಸಿನ ಎಲೆ, ಅವರೆ ಸಿಪ್ಪೆ, ಮೇಕೆ ಹಿಕ್ಕೆ, ಅಡುಗೆ ಮನೆಯ ಕಸ ಒಂದರ ಮೇಲೊಂದು ಹಾಕಿ ನೀರು ಚಿಮುಕಿಸಿದರೆ ಕೆಲವೇ ದಿನದಲ್ಲಿ ನಡುಭಾಗ ಬೇಯತೊಡಗುತ್ತದೆ. ಇದಕ್ಕಿಂತ ಚಿಕ್ಕ ರಾಶಿಯಾದರೆ ಕಾವು ಹೊರಗೆ ಹೋಗಿಬಿಡುತ್ತದೆ. ಹುಡುಗಿ ಕಾಲೇಜಿನ ಪ್ರಯೋಗಶಾಲೆಯಿಂದ ಕೇಳಿ ತಂದ ಉಷ್ಣಮಾಪಕವನ್ನು ಒಂದು ಕಬ್ಬಿಣದ ಕೊಳವೆಯಲ್ಲಿಟ್ಟು ರಾಶಿಯ ನಡುವೆ ಇಳಿಸಿದಳು. 58 ಡಿಗ್ರಿ. ‘ನೋಡಿ ಮಾವ, ಜರ್ಮನಿಯವರು ಒಲೆ ಹಚ್ಚಿ ಮಾಡಿದ್ದನ್ನ ನಮ್ಮ ಸಗಣಿ ಸುಮ್ನೆ ಮಾಡ್ತಿದೆ!’ ಕಳೆಬೀಜ ಸಾಯುವುದೂ ಆ ಕಾವಿನಲ್ಲೇ. ಪಠ್ಯಪುಸ್ತಕದ ಸೂಕ್ಷ್ಮಜೀವಿಗಳ ಅಧ್ಯಾಯವನ್ನು ನಾವು ಬರಿಯ ಬಾಯಿಪಾಠ ಮಾಡಿ ಪಾಸಾದದ್ದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ರಾಗಿ ಮೂಟೆಗಳೂ ಈಗ ಪ್ಯಾಲೆಟ್ಟಿನ ಮೇಲೆ. ಹಿಂದೆ ನಮ್ಮ ಸೀಮೆಯಲ್ಲಿ ರಾಗಿಗೆ ನೆಲದಡಿಯ ಹಗೇವು ಇತ್ತು. ಹಗೇವು ಹೋಗಿ ಮೂಟೆ ಬಂತು. ಸಿಮೆಂಟು ನೆಲದ ತೇವ ಮೂಟೆಯ ಅಡಿಯನ್ನು ಬೂಷ್ಟು ಹಿಡಿಸುತ್ತಿತ್ತು. ಅಡಿಯಲ್ಲಿ ಗಾಳಿಯಾಡಿದ ಮೇಲೆ ಆ ಕಾಟ ತಪ್ಪಿದೆ. ಅಕ್ಕ ಭಾವನೊಡನೆ ಮತ್ತೆ ಮಾತಾಡತೊಡಗಿದ್ದು ಈ ಮೂಟೆಯ ವಿಷಯದಿಂದಲೇ ಎಂದು ನನ್ನ ಅಂದಾಜು.

ಇನ್ನು ನನ್ನ ಪ್ರತಾಪ. ಮೇಕೆಗಳನ್ನು ನೆಲದಿಂದ ಎತ್ತರದ ಅಟ್ಟದ ಮೇಲೆ ಸಾಕಿದರೆ ಹಿಕ್ಕೆ, ಉಚ್ಚೆ ಸಂದಿನಿಂದ ಕೆಳಗೆ ಬಿದ್ದು, ಮೈ ಒಣಗಿ, ಗೊರಸಿನ ರೋಗ, ಜಂತುಹುಳು ಕಡಿಮೆಯಾಗುತ್ತವೆ ಎಂದು ಓದಿದ್ದೆ. ಪ್ಯಾಲೆಟ್ಟಿಗಿಂತ ಒಳ್ಳೆಯ ಅಟ್ಟ ಯಾವುದು? ಒಂದು ಭಾನುವಾರ ನಾನೇ ಮುಂದೆ ನಿಂತು ಕಲ್ಲಿನ ಮೇಲೆ ಆರು ಪ್ಯಾಲೆಟ್ಟು ಹಾಸಿ, ಹತ್ತಲು ಇಳಿಜಾರು ಮಾಡಿ, ಮೇಕೆಗಳನ್ನು ಹತ್ತಿಸಿ, ಚಹಾ ಕುಡಿದು ಊರಿಗೆ ಬಂದೆ. ಮಂಗಳವಾರ ರಾತ್ರಿ ಫೋನು. ಇಪ್ಪತ್ತು ದಿನದ ಮರಿಯೊಂದು ಹಲಗೆಗಳ ಸಂದಿನಲ್ಲಿ ಕಾಲು ಸಿಕ್ಕಿಸಿಕೊಂಡು, ಗಾಬರಿಯಲ್ಲಿ ಎಳೆದಾಡಿ, ಮುಂಗಾಲು ಮುರಿದುಕೊಂಡಿತ್ತು.

ಈ ಮರಿಗಳು ಆ ಮನೆಯಲ್ಲಿ ಮುದ್ದಿಗಿದ್ದವಲ್ಲ. ಮುಂದಿನ ವರ್ಷ ಹುಡುಗಿಯ ಕಾಲೇಜಿನ ಶುಲ್ಕಕ್ಕೆ ಎಂದು ಎಣಿಸಿ ಸಾಕಿದ್ದವು. ಬೆಳಗ್ಗೆ ನಾನು ಹೋದಾಗ ಅಕ್ಕ ಏನೂ ಅನ್ನಲಿಲ್ಲ. ಭಾವನೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ಹುಡುಗಿ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ರಾತ್ರಿಯಿಡೀ ಹಾಗೆಯೇ ಇದ್ದಳಂತೆ. ಪಶು ವೈದ್ಯರು ಹತ್ತಿ ಸುತ್ತಿ, ಬಿದಿರ ದಬ್ಬೆ ಕಟ್ಟಿ, ‘ಪ್ಯಾಲೆಟ್ಟು ಮಾಡಿದ್ದು ಪೆಟ್ಟಿಗೆಗೆ ಸಾರ್. ಪೆಟ್ಟಿಗೆಗೆ ಕಾಲಿಲ್ಲ,’ ಎಂದರು. ಪ್ಯಾಲೆಟ್ಟಿನ ಸಂದು ನಾಲ್ಕೈದು ಸೆಂಟಿಮೀಟರು, ಕೆಲವದರಲ್ಲಿ ಇನ್ನೂ ಅಗಲ. ಮರಿಗಳಿರುವ ಅಟ್ಟಕ್ಕೆ ಒಂದೂವರೆ ಸೆಂಟಿಮೀಟರಿಗೆ ಮೇಲೆ ಇರಬಾರದು. ಹಿಕ್ಕೆ ಉದುರಬೇಕು, ಗೊರಸು ಇಳಿಯಬಾರದು. ನಾನು ಓದಿದ ಲೇಖನದಲ್ಲೂ ಆ ಅಳತೆ ಇತ್ತು. ಓದುವಾಗ ಅಂಕಿಯನ್ನು ಹಾರಿಸಿದ್ದೆ.

ಅಂದಿನಿಂದ ನಾಲ್ಕು ದಿನ ರಜೆ ಹಾಕಿ ಅಲ್ಲೇ ಉಳಿದು ಆರೂ ಪ್ಯಾಲೆಟ್ಟು ಬಿಚ್ಚಿದೆವು. ಬಿಚ್ಚುವುದು ಸುಲಭವಲ್ಲ. ಇದರ ಮೊಳೆಗಳಿಗೆ ತಿರುಚಿದ ಮೈ. ಹಾರೆ ಹಾಕಿ ಮೀಟಿದರೆ ಮೊಳೆ ಬರುವುದಿಲ್ಲ, ಹಲಗೆ ಸೀಳುತ್ತದೆ. ಹಲಗೆಗೂ ತುಂಡಿಗೂ ನಡುವೆ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ಯುವುದು ಭಾವನ ಉಪಾಯ. ಕೊಯ್ದ ಹಲಗೆಗಳನ್ನು ಹುಡುಗಿ ತನ್ನ ಅಳತೆಪಟ್ಟಿ ಇಟ್ಟು ಮತ್ತೆ ಜೋಡಿಸಿದಳು. ಒಂದೂವರೆ ಸೆಂಟಿಮೀಟರು ದಪ್ಪದ ಒಂದು ಚಕ್ಕೆಯನ್ನು ಪ್ರತಿ ಸಂದಿಗೂ ಇಟ್ಟು ನೋಡಿದ ಮೇಲೆಯೇ ಸುತ್ತಿಗೆ ಎತ್ತಲು ಅಪ್ಪಣೆ. ಕೆಡವಿದ ಮೊಳೆಗಳನ್ನು ಹೆಕ್ಕಲು ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಅಂಗಳದಲ್ಲೆಲ್ಲ ಎಳೆದಾಡಿದಳು. ಸಂಜೆಗೆ ಒಂದು ತಂಬಿಗೆಯ ತುಂಬ ಮೊಳೆ. ಮಕ್ಕಳು ಬರಿಗಾಲಲ್ಲಿ ಆಡುವ ಅಂಗಳವಿದ್ದರೆ ಈ ಕೆಲಸವನ್ನು ನಾಳೆಗೆ ಎಂದು ಬಿಡಬಾರದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದೂ ನೆನಪಿರಬೇಕು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಭಾವ, ‘ಮಲ್ಲೇಶ್ವರದಲ್ಲಿ ಮರದ ವಿಜ್ಞಾನ ಸಂಸ್ಥೆ ಇದೆಯಲ್ಲ, ಅಲ್ಲಿ ನೂರಾರು ಜಾತಿ ಮರದ ತುಂಡು ಜೋಡಿಸಿಟ್ಟಿದಾರಂತೆ. ಇವಳನ್ನ ಕರ್ಕೊಂಡು ಹೋಗಿ ತೋರಿಸಿ,’ ಎಂದರು. ಅದರ ಮೂಲ 1938ರ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯ. ಪರೀಕ್ಷೆ ಮುಗಿದ ಮೇಲೆ ಹೋಗುವುದೆಂದು ಮಾತಾಗಿದೆ.

ಐದು ವಾರಕ್ಕೆ ದಬ್ಬೆ ಬಿಚ್ಚಿದರು. ಕಾಲು ಕೂಡಿತ್ತು, ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ಕುಂಟು ಮರಿಗೆ ಸಂತೆಯಲ್ಲಿ ಬೆಲೆ ಬಾರದು. ಅದನ್ನು ಮಾರುವುದಿಲ್ಲ ಎಂದು ಹುಡುಗಿ ಮೊದಲೇ ತೀರ್ಪು ಕೊಟ್ಟಿದ್ದಾಳೆ. ಆ ಒಂದು ಮರಿಯ ಲೆಕ್ಕದ ದುಡ್ಡನ್ನು ನಾನು ಅಕ್ಕನ ಕೈಗೆ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ‘ನಾಕು ದಿನ ಮೊಳೆ ಕೊಯ್ದಿದೀಯಲ್ಲ, ಆಯ್ತು ಹೋಗು,’ ಎಂದಳು. ಕಾಲೇಜಿನ ಶುಲ್ಕದ ದಿನ ಬರಲಿ, ಆಗ ನೋಡಿಕೊಳ್ಳೋಣ ಎಂದು ನಾನೂ ಸುಮ್ಮನಾದೆ.

ಹೊರಡುವಾಗ ಭಾವ ಮಿಕ್ಕ ಎರಡು ಒಳ್ಳೆಯ ಹಲಗೆಗಳನ್ನು ಹಗ್ಗದಲ್ಲಿ ಕಟ್ಟಿ ಕೊಟ್ಟರು, ನಮ್ಮ ಮನೆಯ ಪುಸ್ತಕದ ಅಟ್ಟಣೆಗೆ. ಸಂಜೆಯ ರೈಲಿನಲ್ಲಿ ಅವನ್ನು ಕಾಲ ಸಂದಿನಲ್ಲಿ ನಿಲ್ಲಿಸಿಕೊಂಡು ಕೂತೆ. ಎದುರು ಕೂತ ತಿಪಟೂರಿನ ಹಿರಿಯರೊಬ್ಬರು ಬಗ್ಗಿ ಮೂಸಿ, ‘ಇದು ನಮ್ಮ ಕಡೆ ಮರ ಅಲ್ಲ ಬಿಡಿ. ಎಲ್ಲೀದು?’ ಎಂದರು. ಗೋಧಿ ತೆನೆಯ ಪಕ್ಕದ ಎರಡಕ್ಷರವನ್ನು ಬೆರಳಿನಿಂದ ಒರೆಸಿ ಓದಿ ಹೇಳಿದೆ. ಅವರು ಇನ್ನೊಮ್ಮೆ ಮೂಸಿದರು. ಅಷ್ಟರಲ್ಲಿ ಯಶವಂತಪುರ ಬಂತು.