ಎಲ್-ಒನ್ ಮಹಾತ್ಮೆ

ಟೆಂಡರ್ ತೆರೆಯುವ ದಿನ ಕಚೇರಿಯಲ್ಲಿ ನಮ್ಮಂಥ ಗುಮಾಸ್ತರಿಗೂ ಒಂದು ಗತ್ತು ಬರುತ್ತದೆ. ಕಂಟ್ರಾಕ್ಟರುಗಳ ದರಗಳನ್ನು ಸಾಲಾಗಿ ಬರೆದು ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಸಿದ್ಧಪಡಿಸುವವರು ನಾವೇ ತಾನೆ? ಎಲ್ಲರಿಗಿಂತ ಕಡಿಮೆ ದರ ಹಾಕಿದವನು ಎಲ್-ಒನ್. ಕೆಲಸ ಅವನ ಪಾಲಿಗೆ. ದೊಡ್ಡ ಕಾಮಗಾರಿಯಾದರೆ ಹಿಂದಿನ ಅನುಭವ, ವಾರ್ಷಿಕ ವಹಿವಾಟು ಕೇಳುವುದುಂಟು, ನಿಜ. ಆ ಹೊಸ್ತಿಲು ದಾಟಿದ ಮೇಲೆ ಸಾಮಾನ್ಯವಾಗಿ ದರವೊಂದೇ ದೇವರು. ಹಿಂದಿನ ಕಟ್ಟಡ ಎಷ್ಟು ತಿಂಗಳು ತಡವಾಯಿತು, ಮೊದಲ ಮಳೆಗೆ ಎಷ್ಟು ಕಡೆ ಸೋರಿತು, ಸಾರುವೆಯಿಂದ ಎಷ್ಟು ಜನ ಬಿದ್ದರು, ಇವಕ್ಕೆಲ್ಲ ನಾವು ಬರೆದ ಪಟ್ಟಿಗಳಲ್ಲಿ ಕಾಲಮ್ಮೇ ಇರಲಿಲ್ಲ.

೨೦೨೧ರ ಅಕ್ಟೋಬರಿನಲ್ಲಿ ಹಣಕಾಸು ಸಚಿವಾಲಯವೇ ಸ್ವಲ್ಪ ಮನಸ್ಸು ಬದಲಿಸಿತು. ಆಯ್ದ ಕಾಮಗಾರಿಗಳಲ್ಲಿ ಗುಣಮಟ್ಟಕ್ಕೂ ಅಂಕ ಕೊಡಬಹುದು, ಆದರೆ ನೂರಕ್ಕೆ ೩೦ ಮೀರಕೂಡದು ಎಂದಿತು. ಪಾಸಾಗಲು ೩೫ ಬೇಕೆಂದು ಕಲಿತು ಬಂದ ನಮಗೆ ಇದು ಕೊಂಚ ವಿಚಿತ್ರವೆನಿಸಿತು.

ಇಂಗ್ಲೆಂಡಿನವರು ಇದನ್ನು ೧೯೯೮ರಲ್ಲೇ ಯೋಚಿಸಿದ್ದರು. ಜಾಗ್ವಾರ್ ಕಾರ್ ಕಂಪನಿಯನ್ನು ನಡೆಸಿದ್ದ ಸರ್ ಜಾನ್ ಈಗನ್ ಅವರ ಸಮಿತಿ, ಕಟ್ಟಡದ ಕಂಪನಿಗಳು ವರ್ಷವರ್ಷವೂ ಖರ್ಚು ಮತ್ತು ಕಾಲವನ್ನು ನೂರಕ್ಕೆ ೧೦ರಂತೆ, ದೋಷ ಮತ್ತು ಅಪಘಾತಗಳನ್ನು ೨೦ರಂತೆ ತಗ್ಗಿಸಬೇಕೆಂದು ಗುರಿ ಹಾಕಿತು. ಮುಖ್ಯ ಮಾತೆಂದರೆ, ಅಳೆಯಬೇಕು. ಅಳೆದದ್ದನ್ನು ಪಕ್ಕದವರ ಅಳತೆಯೊಡನೆ ಇಟ್ಟು ನೋಡಬೇಕು. ಬಿ.ಎಸ್‌ಸಿ. ಪ್ರಾಕ್ಟಿಕಲ್‌ನಲ್ಲಿ ಒಂದೇ ರೀಡಿಂಗ್ ಬರೆದು ತಂದರೆ ಮೇಷ್ಟ್ರು ರೆಕಾರ್ಡನ್ನು ಹಿಂದಕ್ಕೆ ಎಸೆಯುತ್ತಿದ್ದರು. ಇಲ್ಲಿ ಕೋಟಿಗಟ್ಟಲೆ ಕೆಲಸ ಒಂದೇ ರೀಡಿಂಗಿನ ಮೇಲೆ!

ಈಗ ಈ ವಿಷಯ ಮನೆಗೇ ಬಂದಿದೆ. ಪ್ರಾವಿಡೆಂಟ್ ಫಂಡಿನ ಹಣ, ಬ್ಯಾಂಕ್ ಸಾಲ ಎರಡನ್ನೂ ಸೇರಿಸಿ ಫ್ಲಾಟ್ ಕೊಳ್ಳುವ ಯೋಚನೆ. ನಮ್ಮಾಕೆ ಮೂವರು ಬಿಲ್ಡರುಗಳ ಬಣ್ಣದ ಕಾಗದಗಳನ್ನು ಹರಡಿಕೊಂಡು ಕೂತರು. ಚದರಡಿಗೆ ಇಷ್ಟು, ಈಜುಕೊಳ, ಜಿಮ್. "ಏನೂಂದ್ರೆ, ಇವರು ಹಿಂದೆ ಕಟ್ಟಿದ್ದು ನೆಟ್ಟಗಿದೆಯೋ ಇಲ್ಲವೋ, ಇದರಲ್ಲಿ ಎಲ್ಲೂ ಬರೆದಿಲ್ಲವಲ್ಲ?" ಎಂದರು. ಕಚೇರಿಯಲ್ಲಿ ಯಾರೂ ಕೇಳದ ಪ್ರಶ್ನೆ!

ಕೇಳದೆ ಹೇಗಿರುವುದು? ೨೦೧೪ರ ಜೂನ್ ೨೮ರಂದು ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ೬೧ ಜನ ಸತ್ತದ್ದನ್ನು ಈ ಊರಿನವರು ಮರೆತಿಲ್ಲ. ಅದರ ಜೋಡಿ ಕಟ್ಟಡವನ್ನು ೨೦೧೬ರ ನವೆಂಬರಿನಲ್ಲಿ ಸಿಡಿಮದ್ದಿಟ್ಟು ಕೆಡವಬೇಕಾಯಿತು. ಅಲ್ಲೂ ಜನ ಹಣ ಕಟ್ಟಿದ್ದರು.

೨೦೧೬ರ ರೇರಾ ಕಾನೂನಿನಿಂದ ಒಂದು ಉಪಕಾರವಾಗಿದೆ. ಬಿಲ್ಡರು ಮುಗಿಸುತ್ತೇನೆಂದು ಮಾತು ಕೊಟ್ಟ ತಾರೀಖು ದಾಖಲೆಯಲ್ಲಿ ಸಿಗುತ್ತದೆ. ಮಿಕ್ಕದ್ದಕ್ಕೆ ನಾವೇ ಹೊರಟೆವು. ಆ ಮೂವರು ಐದಾರು ವರ್ಷದ ಹಿಂದೆ ಕಟ್ಟಿದ ಫ್ಲಾಟುಗಳಿಗೆ ಭಾನುವಾರ ಹೋಗುವುದು, ಬಾಗಿಲು ತಟ್ಟುವುದು. ಕೀಲಿಕೈ ಎಷ್ಟು ತಡವಾಗಿ ಸಿಕ್ಕಿತು, ಸ್ನಾನದ ಮನೆಯ ನೀರು ಕೆಳಮನೆಗೆ ಇಳಿಯುತ್ತದೆಯೆ, ದೂರು ಕೊಟ್ಟರೆ ಯಾರಾದರೂ ಬರುತ್ತಾರೆಯೆ? ವಾಚ್‌ಮನ್ನರು ಯಜಮಾನರಿಗಿಂತ ಸತ್ಯವಂತರು. ಈಜುಕೊಳವಿದ್ದ ಕಡೆಯೇ ಸೀಲಿಂಗ್ ತೇವ ಹೆಚ್ಚು ಕಂಡಿತು.

ಮೂರನೆಯ ಮಹಡಿಯ ಮಾಮಿಯೊಬ್ಬರು ಕಾಫಿ ಕೊಟ್ಟು, "ಈಗ ನೋಡಿ ಏನು ಪ್ರಯೋಜನ? ಕಾರ್ತಿಕದ ಮಳೆ ಬಿದ್ದ ಮೇಲೆ ಬನ್ನಿ, ಗೋಡೆಯೇ ಹೇಳುತ್ತದೆ" ಎಂದರು. ಬಿಲ್ಡರ ರಿಯಾಯಿತಿಯೋ ದೀಪಾವಳಿಯವರೆಗೆ ಮಾತ್ರ. ಮುಂಗಡದ ಚೆಕ್ಕು ಸದ್ಯಕ್ಕೆ ನಮ್ಮಾಕೆಯ ಬೀರುವಿನಲ್ಲಿದೆ. ಮಳೆ ನೋಡಿಯೇ ಹೊರಗೆ ತೆಗೆಯುವುದಂತೆ.